ಮೀಟರಿನಿಂದ ಮನೆ ಬಾಗಿಲಿನವರೆಗಿನ ವೈರು ಯಾರದು?

ಮಾನ್ಯ ಸಂಪಾದಕರೇ,

ಬೇಸಿಗೆ ಕಾಲಿಟ್ಟಿತೆಂದರೆ ಮುಂಬಯಿ, ಠಾಣೆ, ಕಲ್ಯಾಣ್, ಡೊಂಬಿವಲಿ ಕಡೆಯ ಯಾವುದಾದರೊಂದು ಕಟ್ಟಡಕ್ಕೆ ಬೆಂಕಿ ಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಎಷ್ಟು ಅಗ್ನಿಶಾಮಕ ವಾಹನಗಳು ಬಂದವು, ಎಷ್ಟು ಹೊತ್ತಿಗೆ ಬೆಂಕಿ ಹತೋಟಿಗೆ ಬಂತು ಎಂಬ ವಿವರಗಳಾದ ಮೇಲೆ, ‘ಶಾರ್ಟ್ ಸರ್ಕಿಟ್‌ನಿಂದ ಬೆಂಕಿ ಹೊತ್ತಿಕೊಂಡಿರಬೇಕೆಂದು ಶಂಕಿಸಲಾಗಿದೆ’ ಎಂಬ ಸಾಲಿನೊಂದಿಗೆ ವರದಿ ಮುಗಿಯುತ್ತದೆ. ಆ ಸಾಲು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಶಾರ್ಟ್ ಸರ್ಕಿಟ್ ಆಗುವುದಕ್ಕೆ ಮೊದಲು ಆ ಕಟ್ಟಡದ ಮೀಟರ್ ಕೋಣೆಯಲ್ಲಿ, ಮೆಟ್ಟಿಲ ಗೋಡೆಯ ಮೇಲೆ ಹಾದುಹೋದ ವೈರುಗಳಲ್ಲಿ, ಮನೆಮನೆಯ ಫ್ಯೂಸ್ ಬೋರ್ಡಿನಲ್ಲಿ ವರ್ಷಗಟ್ಟಲೆ ಏನು ನಡೆದಿತ್ತೆಂದು ಕೇಳುವವರೇ ಇಲ್ಲ. ಅದರ ಬಗ್ಗೆ ಒಂದಿಷ್ಟು ವಿವರವಾಗಿ ಬರೆಯಲು ತಮ್ಮ ಪತ್ರಿಕೆಯಲ್ಲಿ ಅವಕಾಶ ಕೋರುತ್ತೇನೆ.

ನಾನು ಮುಲುಂಡ್‌ನ ಹಳೆಯ ಹೌಸಿಂಗ್ ಸೊಸೈಟಿಯೊಂದರಲ್ಲಿ ಬಹುಕಾಲದಿಂದ ವಾಸವಾಗಿರುವವನು; ಕಾರ್ಖಾನೆಯೊಂದರ ವಿದ್ಯುತ್ ನಿರ್ವಹಣಾ ವಿಭಾಗದಲ್ಲಿ ದುಡಿದು ನಿವೃತ್ತನಾದವನು; ಸೊಸೈಟಿಯ ಸಮಿತಿಯಲ್ಲೂ ಇದ್ದು ಅಲ್ಲಿಯ ಬೈಗುಳ ತಿಂದವನು. ಈ ಭಾಗದಲ್ಲಿ, ಹಾಗೆಯೇ ಘಾಟ್‌ಕೋಪರ್, ಚೆಂಬೂರು, ಡೊಂಬಿವಲಿಗಳಲ್ಲಿ ನಮ್ಮ ಕನ್ನಡಿಗರು ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಹೋಟೆಲು, ಬ್ಯಾಂಕು, ಮಿಲ್ಲು, ಕಚೇರಿಗಳ ದುಡಿಮೆಯಲ್ಲಿ ಉಳಿಸಿ ಕೊಂಡ ಒಂದು ಕೋಣೆ, ಎರಡು ಕೋಣೆಯ ಮನೆಗಳು ಇಂದಿಗೂ ಬಹಳಷ್ಟಿವೆ. ಅವುಗಳ ನೆಲಕ್ಕೆ ಹೊಳೆಯುವ ಟೈಲ್ಸ್ ಬಂದಿದೆ, ಅಡುಗೆಮನೆಗೆ ಮಾಡ್ಯುಲರ್ ಕಪಾಟು ಬಂದಿದೆ, ಕಿಟಕಿಗೆ ಸ್ಲೈಡಿಂಗ್ ಗಾಜು ಬಂದಿದೆ. ಬದಲಾಗದೆ ಉಳಿದಿರುವುದು ಮುಂಬಾಗಿಲಿನ ಮೇಲೆ ತೋರಣದ ಹಿಂದೆ ಅಡಗಿ ಕುಳಿತ ಕಬ್ಬಿಣದ ಮೇನ್ ಸ್ವಿಚ್ಚು ಮತ್ತು ಅದರ ಪಕ್ಕದ ಪಿಂಗಾಣಿ ಕಿಟ್‌ಕ್ಯಾಟ್ ಫ್ಯೂಸುಗಳು. ಅದನ್ನೂ ಬದಲಿಸಬಾರದೇ ಎಂದು ಕೇಳಿದರೆ ಎಲ್ಲ ಮನೆಗಳಿಂದಲೂ ಬರುವ ಉತ್ತರ ಒಂದೇ: ‘ಇನ್ನೇನು ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಗುತ್ತದಲ್ಲ, ಈಗ ಯಾಕೆ ಸುಮ್ಮನೆ ಖರ್ಚು?’

ರೀಡೆವಲಪ್‌ಮೆಂಟ್ ಎಂದರೆ ಹಳೆಯ ಕಟ್ಟಡ ಕೆಡವಿ ಬಿಲ್ಡರನಿಂದ ಹೊಸದನ್ನು ಕಟ್ಟಿಸುವುದು. ಆ ‘ಇನ್ನೇನು’ ಎಷ್ಟು ವರ್ಷಗಳದ್ದೆಂದು ಈ ನಗರದಲ್ಲಿ ಬದುಕಿದವರಿಗೆಲ್ಲ ಗೊತ್ತು. ಬಿಲ್ಡರು ಬರುತ್ತಾನೆ, ಕಾರ್ಪೆಟ್ ಏರಿಯಾದ ಲೆಕ್ಕ ನಡೆಯುತ್ತದೆ, ಇಬ್ಬರು ಸದಸ್ಯರು ಒಪ್ಪುವುದಿಲ್ಲ, ಬಿಲ್ಡರು ಹೋಗುತ್ತಾನೆ, ಇನ್ನೊಬ್ಬ ಬರುತ್ತಾನೆ. ಈ ನಡುವೆ ಪ್ರತಿ ಬೇಸಿಗೆಯಲ್ಲೂ ಕಟ್ಟಡಕ್ಕೆ ಇನ್ನಷ್ಟು ಎಸಿಗಳು ಸೇರುತ್ತಲೇ ಇರುತ್ತವೆ. ಅಂದರೆ ವೈರಿಂಗ್ ಮಾತ್ರ ರೀಡೆವಲಪ್‌ಮೆಂಟ್‌ಗೆ ಕಾಯುತ್ತದೆ, ಅದರ ಮೇಲೆ ಬೀಳುವ ಲೋಡು ಕಾಯುವುದಿಲ್ಲ.

ಲೋಡು ಎಷ್ಟು ಏರಿದೆಯೆಂದು ಒಮ್ಮೆ ಲೆಕ್ಕ ಹಾಕಬೇಕು. ಆ ಮನೆಗಳಿಗೆ ವೈರಿಂಗ್ ಮಾಡಿದ ಕಾಲದಲ್ಲಿ ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ರೇಡಿಯೋ, ಅನುಕೂಲಸ್ಥರಲ್ಲಿ ಒಂದು ಫ್ರಿಜ್ಜು ಇರುತ್ತಿತ್ತು. ಎಲ್ಲವನ್ನೂ ಒಟ್ಟಿಗೆ ಹಾಕಿದರೂ 3 ಆಂಪಿಯರ್ ಆಸುಪಾಸು. ಈಗ ಒಂದೂವರೆ ಟನ್ನಿನ ಒಂದು ಎಸಿಯೇ ಪೂರ್ಣ ಲೋಡಿನಲ್ಲಿ 7ರಿಂದ 8 ಆಂಪಿಯರ್ ಎಳೆಯುತ್ತದೆ. 2 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್, ಅಷ್ಟೇ ಸಾಮರ್ಥ್ಯದ ಇಂಡಕ್ಷನ್ ಒಲೆ ಇನ್ನೊಂದು 9. ಏಳೂವರೆಯ ಲೋಕಲ್ ಹಿಡಿಯಬೇಕಾದವರ ಮನೆಯಲ್ಲಿ ಬೆಳಗಿನ ಹೊತ್ತು ಎರಡೂ ಕೋಣೆಗಳ ಎಸಿ ಇನ್ನೂ ಆರಿರುವುದಿಲ್ಲ, ಬಚ್ಚಲಲ್ಲಿ ಗೀಸರ್ ಕಾಯುತ್ತಿರುತ್ತದೆ, ಒಲೆಯ ಮೇಲೆ ಹಾಲು ಇರುತ್ತದೆ. ಆ ಕಾಲು ಗಂಟೆಯಲ್ಲಿ ಆ ಮನೆಯ ವೈರು 30 ಆಂಪಿಯರ್ ದಾಟಿ ಹೊರುತ್ತಿರುತ್ತದೆ. ಗೋಡೆಯೊಳಗಿರುವುದು ಬಹಳ ಕಡೆ 1 ಅಥವಾ 1.5 ಚದರ ಮಿಲಿಮೀಟರಿನ ವೈರು, ಕೆಲವು ಕಡೆ ಅಲ್ಯುಮಿನಿಯಂ ವೈರು. ಅದಕ್ಕೆ ಇಷ್ಟು ಹೊರುವ ತ್ರಾಣವಿಲ್ಲ.

ಹಾಗಿದ್ದರೆ ಫ್ಯೂಸು ಹೋಗಬೇಕಲ್ಲ? ಹೋಗುತ್ತಿತ್ತು, ಅದನ್ನು ಹೋಗಲು ಬಿಟ್ಟಿದ್ದರೆ. ನಮ್ಮ ಪಕ್ಕದ ಕಟ್ಟಡದ ಒಂದು ಮನೆಯಲ್ಲಿ ನಾನು ಹೊರತೆಗೆದು ನೋಡಿದ ಫ್ಯೂಸಿನಲ್ಲಿ ಸೀಸ ತವರದ ಫ್ಯೂಸ್ ತಂತಿಯ ಬದಲು, ಹಳೆಯ ಫ್ಲೆಕ್ಸಿಬಲ್ ವೈರಿನಿಂದ ಕಿತ್ತ ತಾಮ್ರದ ಎಳೆಗಳನ್ನು ಹೊಸೆದು ಕಟ್ಟಲಾಗಿತ್ತು. ಪಿಂಗಾಣಿ ಕಂದಿ ಕಂದುಬಣ್ಣಕ್ಕೆ ತಿರುಗಿತ್ತು. ಸ್ಕ್ರೂವಿನ ಹತ್ತಿರದ ವೈರಿನ ಹೊದಿಕೆ ಒಣಗಿ, ಬೆರಳು ತಾಗಿದರೆ ಪುಡಿ ಉದುರುತ್ತಿತ್ತು. ಮುಚ್ಚಳ ತೆಗೆದಾಗ ಸುಟ್ಟ ಬೇಕಲೈಟಿನ ವಾಸನೆ ಬಂತು. ‘ಪದೇ ಪದೇ ಫ್ಯೂಸ್ ಹೋಗುತ್ತಿತ್ತು, ಎಲೆಕ್ಟ್ರಿಷಿಯನ್ ಗಟ್ಟಿ ತಂತಿ ಹಾಕಿಕೊಟ್ಟ ಮೇಲೆ ಕಿರಿಕಿರಿಯೇ ಇಲ್ಲ’ ಎಂದು ಮನೆಯವರು ಸಂತೋಷದಿಂದಲೇ ಹೇಳಿದರು. ಇಡೀ ಸರ್ಕಿಟ್ಟಿನಲ್ಲಿ ಎಲ್ಲಕ್ಕಿಂತ ಬೇಗ ಸೋಲಬೇಕಾದದ್ದು ಫ್ಯೂಸು. ಅದನ್ನು ಗಟ್ಟಿ ಮಾಡಿದಾಗ ಗೋಡೆಯೊಳಗೆ ಹೂತ ವೈರೇ ಫ್ಯೂಸಾಗುತ್ತದೆ, ಅದು ಎಲ್ಲಿ ಕರಗುತ್ತದೆಂದು ಹೇಳಬಲ್ಲವರಿಲ್ಲ. ಸರಿಯಾದ ಫ್ಯೂಸ್ ತಂತಿ ಹಾಕಿದರೂ ಅದು ಕರಗುವುದು ತನ್ನ ಅಳತೆಯ ಹೆಚ್ಚುಕಡಿಮೆ ಇಮ್ಮಡಿ ಕರೆಂಟ್ ಹರಿದಾಗ ಎಂಬುದನ್ನು ಇಲ್ಲಿ ಸೇರಿಸಬೇಕು.

ಫ್ಯೂಸಿನ ಬದಲು ಕೂರಿಸುವ, ಕರೆಂಟ್ ಮಿತಿಮೀರಿದರೆ ತಾನಾಗಿ ಬಿದ್ದು ಸಂಪರ್ಕ ಕಡಿಯುವ ಸ್ವಿಚ್ಚು, ಅಂದರೆ ಎಂಸಿಬಿ, ಈ ವಿಷಯದಲ್ಲಿ ಹೆಚ್ಚು ಕಟ್ಟುನಿಟ್ಟು. ಅದರೊಳಗೆ ಎರಡು ಏರ್ಪಾಡುಗಳಿವೆ: ನಿಧಾನವಾಗಿ ಏರುವ ಲೋಡಿಗೆ ಬಿಸಿಯಾಗಿ ಬಾಗುವ, ಎರಡು ಲೋಹಗಳನ್ನು ಬೆಸೆದ ಪಟ್ಟಿ, ಶಾರ್ಟ್ ಸರ್ಕಿಟ್ಟಿಗೆ ಕ್ಷಣಮಾತ್ರದಲ್ಲಿ ಎಳೆಯುವ ಅಯಸ್ಕಾಂತದ ಸುರುಳಿ. ತನ್ನ ಅಳತೆಯ 1.45 ಪಟ್ಟು ಕರೆಂಟ್ ಹರಿದರೆ ಮನೆ ಬಳಕೆಯ ಎಂಸಿಬಿ ಒಂದು ಗಂಟೆಯೊಳಗೆ ಬೀಳಲೇಬೇಕೆಂಬುದು ಮಾನದಂಡ. ಆದರೆ ಪಿಂಗಾಣಿ ಹೋಗಿ ಎಂಸಿಬಿ ಬಂದ ಮಾತ್ರಕ್ಕೆ ಮನೆ ಸುರಕ್ಷಿತವಾಯಿತೆಂದು ತಿಳಿಯುವುದು ತಪ್ಪು. ಎಂಸಿಬಿ ಕಾಯುವುದು ವೈರನ್ನು. ಆದ್ದರಿಂದ ಅದರ ಅಳತೆ ವೈರಿನ ಅಳತೆಗೆ ಹೊಂದಬೇಕು. ದೀಪ, ಫ್ಯಾನುಗಳ 1.5 ಚದರ ಮಿಲಿಮೀಟರ್ ತಾಮ್ರದ ವೈರಿಗೆ 6 ಅಥವಾ 10 ಆಂಪಿಯರ್, ಪವರ್ ಪಾಯಿಂಟಿನ 2.5ಕ್ಕೆ 16, ಎಸಿಗಾಗಿ ಪ್ರತ್ಯೇಕವಾಗಿ ಎಳೆದ 4ಕ್ಕೆ 20 ಎಂಬುದು ಸಾಮಾನ್ಯ ರೂಢಿ. ಎಂಸಿಬಿ ಪದೇ ಪದೇ ಬೀಳುತ್ತದೆಂದು ಗೊಣಗಿದರೆ ನಮ್ಮ ಗಲ್ಲಿಯ ಕೆಲಸಗಾರ ವೈರನ್ನು ಹಾಗೇ ಬಿಟ್ಟು 32 ಆಂಪಿಯರಿನದನ್ನು ಕೂರಿಸಿ ಹೋಗುತ್ತಾನೆ. ತಾಮ್ರದ ಎಳೆ ಕಟ್ಟಿದ ಫ್ಯೂಸಿಗೂ ಇದಕ್ಕೂ ವ್ಯತ್ಯಾಸ ಏನೂ ಇಲ್ಲ. ನೋಡಲು ಮಾತ್ರ ಹೊಸದಾಗಿರುತ್ತದೆ.

ಇನ್ನು ಎಂಸಿಬಿಗೆ ಕಾಣದೇ ಹೋಗುವ ಅಪಾಯವೊಂದಿದೆ. ಒದ್ದೆ ಕೈಯಲ್ಲಿ ಇಡ್ಲಿಯ ಹಿಟ್ಟು ರುಬ್ಬುವ ಗ್ರೈಂಡರನ್ನು ಮುಟ್ಟಿದಾಗ ‘ಸ್ವಲ್ಪ ಜುಮ್ಮೆನ್ನುತ್ತದೆ’ ಎಂದು ಹೇಳಿಕೊಂಡು, ಕಾಲಿಗೆ ರಬ್ಬರ್ ಚಪ್ಪಲಿ ಹಾಕಿ ವರ್ಷಗಟ್ಟಲೆ ರುಬ್ಬುವ ಗೃಹಿಣಿಯರು ನಮ್ಮಲ್ಲಿದ್ದಾರೆ. ಮನುಷ್ಯನ ಮೈಯಲ್ಲಿ ಹರಿದು ಹೃದಯದ ಬಡಿತವನ್ನೇ ತಪ್ಪಿಸಬಲ್ಲ ಕರೆಂಟು ಆಂಪಿಯರ್‌ಗಳಲ್ಲಿ ಅಳೆಯುವಂಥದ್ದಲ್ಲ, ಮಿಲಿ ಆಂಪಿಯರ್‌ಗಳಲ್ಲಿ. ಹಳೆಯ 60 ವ್ಯಾಟಿನ ಬಲ್ಬೊಂದು ಎಳೆಯುತ್ತಿದ್ದುದು ಸುಮಾರು 260 ಮಿಲಿ ಆಂಪಿಯರ್. ಜೀವ ತೆಗೆಯಲು ಅದಕ್ಕಿಂತ ಎಷ್ಟೋ ಕಡಿಮೆ ಸಾಕು. 16 ಆಂಪಿಯರಿನ ಎಂಸಿಬಿಗೆ ಅಂಥ ಸೋರಿಕೆ ಲೆಕ್ಕಕ್ಕೇ ಬರುವುದಿಲ್ಲ. ಅದನ್ನು ಹಿಡಿಯಲೆಂದೇ ಇರುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ಹಿಂದಿರುಗುತ್ತಿದೆಯೇ ಎಂದು ಅದು ಸದಾ ತಾಳೆ ನೋಡುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವುದರೊಳಗೆ ಸಂಪರ್ಕ ಕಡಿಯುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲೇ ಮನೆಗಳಿಗೆ ಈ 30 ಮಿಲಿ ಆಂಪಿಯರಿನ ಮಿತಿಯನ್ನು ಹೇಳಲಾಗಿದೆ. ಆ ನಿಯಮಗಳು 2023ರಲ್ಲಿ ಹೊಸದಾಗಿ ಬಂದವು. ಅದಕ್ಕೆ ಬಹಳ ಮೊದಲು ಕಟ್ಟಿದ ನಮ್ಮ ಮನೆಗಳಲ್ಲಿ ಈ ಸಾಧನವೇ ಇಲ್ಲ.

ಹಾಕಿಸಿದ ಕಡೆಗಳಲ್ಲೂ ಅದನ್ನು ಬೈಪಾಸ್ ಮಾಡಿಸಿರುವುದನ್ನು ನೋಡಿದ್ದೇನೆ. ಕಾರಣ ಎರಡು. ಮಳೆಗಾಲದಲ್ಲಿ ಗ್ಯಾಲರಿಯ ಪ್ಲಗ್ಗಿಗೆ ನೀರು ಹೊಡೆದು ಆರ್‌ಸಿಸಿಬಿ ಬೀಳುತ್ತದೆ. ಅದು ತನ್ನ ಕೆಲಸವನ್ನು ಸರಿಯಾಗಿ ಮಾಡಿತೆಂದು ತಿಳಿಯುವ ಬದಲು ‘ಸೆನ್ಸಿಟಿವ್ ಜಾಸ್ತಿ’ ಎಂದು ಕಿತ್ತುಹಾಕುತ್ತಾರೆ. ಇನ್ನೊಂದು, ಇನ್ವರ್ಟರ್ ಹಾಕಿಸಿದ ಮನೆಗಳಲ್ಲಿ ಎರಡು ಸರ್ಕಿಟ್‌ಗಳ ನ್ಯೂಟ್ರಲ್‌ಗಳನ್ನು ಒಂದೇ ಕಡೆ ಸೇರಿಸಿ ಕಟ್ಟಿರುತ್ತಾರೆ. ಕರೆಂಟು ಬೇರೆ ದಾರಿಯಿಂದ ಹಿಂದಿರುಗುವುದರಿಂದ ಆರ್‌ಸಿಸಿಬಿಗೆ ಅದು ಸೋರಿಕೆಯಂತೆಯೇ ಕಾಣುತ್ತದೆ. ಮಾಡಬೇಕಾದದ್ದು ನ್ಯೂಟ್ರಲ್‌ಗಳನ್ನು ಬೇರ್ಪಡಿಸುವ ಅರ್ಧ ದಿನದ ಕೆಲಸ. ಮಾಡುವುದು ಐದು ನಿಮಿಷದ ಬೈಪಾಸ್. ಇನ್ವರ್ಟರ್ ಎಸಿ, ಎಲೆಕ್ಟ್ರಾನಿಕ್ ವಾಷಿಂಗ್ ಮೆಷಿನ್ ಇರುವ ಮನೆಗಳಿಗೆ ‘ಎಸಿ’ ಟೈಪಿನದಕ್ಕಿಂತ (ಇದು ತಂಪಿನ ಎಸಿಯಲ್ಲ, ಆರ್‌ಸಿಸಿಬಿಯ ಒಂದು ಬಗೆ) ‘ಎ’ ಟೈಪಿನ ಆರ್‌ಸಿಸಿಬಿ ಲೇಸು ಎಂಬುದನ್ನೂ, ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕೆಂಬುದನ್ನೂ ಮಾರುವವರು ಹೇಳುವುದು ಕಡಿಮೆ. ಆರ್‌ಸಿಸಿಬಿಯೊಂದಿದ್ದರೆ ಎಂಸಿಬಿ ಬೇಡವೆಂದೂ ಅರ್ಥವಲ್ಲ. ಲೋಡು ಎಷ್ಟೇ ಹೆಚ್ಚಿದರೂ ಆರ್‌ಸಿಸಿಬಿ ಬೀಳುವುದಿಲ್ಲ.

ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಏರ್ಪಾಡಿನ ಬಗ್ಗೆ ಒಂದು ಮಾತು. ಹಳೆಯ ಕಟ್ಟಡಗಳಲ್ಲಿ ಮನೆಯ ಅರ್ಥ್ ವೈರನ್ನು ಕಬ್ಬಿಣದ ನೀರಿನ ಕೊಳವೆಗೆ ಸುತ್ತಿ ಕಟ್ಟುವ ಅಭ್ಯಾಸವಿತ್ತು. ಕೊಳವೆ ನೆಲದೊಳಗೆ ಹೋಗುತ್ತಿದ್ದುದರಿಂದ ಅದು ಹೇಗೋ ನಡೆಯುತ್ತಿತ್ತು. ಆಮೇಲೆ ಸೊಸೈಟಿ ಪ್ಲಂಬಿಂಗ್ ಬದಲಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿತು. ಕಟ್ಟಡದ ಅರ್ಧಕ್ಕರ್ಧ ಅರ್ಥಿಂಗ್ ಆ ದಿನವೇ ಕಡಿದುಹೋಯಿತು, ಯಾರಿಗೂ ಗೊತ್ತಾಗಲಿಲ್ಲ. ಈಗ ಮೂರು ಪಿನ್ನಿನ ಪ್ಲಗ್ಗಿನ ಮೇಲಿನ ದೊಡ್ಡ ತೂತು ಬಹಳ ಮನೆಗಳಲ್ಲಿ ಬರೀ ಶೋಭೆಗೆ. ಗೀಸರಿನ ಕಾಯಿಲ್ ಸೀಳಿದರೆ ಆ ಕರೆಂಟು ನೆಲಕ್ಕೆ ಹೋಗಲು ದಾರಿಯಿಲ್ಲದೆ ನಲ್ಲಿಯಲ್ಲಿ, ನೀರಿನಲ್ಲಿ ಕಾದು ನಿಂತಿರುತ್ತದೆ. ಪ್ಯಾನೆಲ್ ಬದಲಿಸುವವರು ಮೊದಲು ಮಾಡಿಸಬೇಕಾದದ್ದು ಕಂಪೌಂಡಿನ ಅರ್ಥ್ ಪಿಟ್‌ನಿಂದ ಮನೆಯವರೆಗೆ ನಿಜವಾಗಿ ಅರ್ಥ್ ತಲುಪುತ್ತಿದೆಯೇ ಎಂಬ ಪರೀಕ್ಷೆ.

ಇಷ್ಟೆಲ್ಲ ಇದ್ದೂ ಎಂಸಿಬಿ, ಆರ್‌ಸಿಸಿಬಿ ಎರಡರ ಕಣ್ಣಿಗೂ ಬೀಳದೆ ಬೆಂಕಿ ಹೊತ್ತಿಸುವ ಸಂಗತಿ ಸಡಿಲವಾದ ಜಾಯಿಂಟು. ಟರ್ಮಿನಲ್‌ನ ಸ್ಕ್ರೂ ಸಡಿಲಾಗಿ ಅಲ್ಲಿ ಒಂದು ಓಮಿನ ಹತ್ತನೆಯ ಒಂದು ಭಾಗದಷ್ಟು ಪ್ರತಿರೋಧ ಹುಟ್ಟಿತೆನ್ನಿ. ಅದರ ಮೂಲಕ 15 ಆಂಪಿಯರ್ ಹರಿದರೆ ಆ ಒಂದು ಚುಕ್ಕೆಯಲ್ಲಿ 22.5 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರು ಬಳಸುವ ಸಣ್ಣ ಸಾಲ್ಡರಿಂಗ್ ಐರನ್ 25 ವ್ಯಾಟಿನದು. ಅಂಥದ್ದೊಂದನ್ನು ಮರದ ಹಲಗೆಯ ಮೇಲಿನ ಡಬ್ಬಿಯೊಳಗೆ ಉರಿಸಿಟ್ಟು ಬಾಗಿಲು ಮುಚ್ಚಿದಂತಾಯಿತು. ಹರಿಯುತ್ತಿರುವುದು ಸಹಜ ಪ್ರಮಾಣದ ಕರೆಂಟೇ ಆದ್ದರಿಂದ ಎಂಸಿಬಿ ಬೀಳುವುದಿಲ್ಲ; ಸೋರಿಕೆಯಿಲ್ಲವಾದ್ದರಿಂದ ಆರ್‌ಸಿಸಿಬಿಯೂ ಬೀಳುವುದಿಲ್ಲ. ಮುಂಬಯಿಯಲ್ಲಿ ಇದಕ್ಕೆ ಸಮುದ್ರದ ಗಾಳಿಯೂ ಕೈಜೋಡಿಸುತ್ತದೆ. ಅಲ್ಯುಮಿನಿಯಂ ವೈರಿನ ತುದಿಗೆ ತಾಮ್ರದ ವೈರನ್ನು ಸುಮ್ಮನೆ ಹೊಸೆದು ಟೇಪು ಸುತ್ತಿದ ಜಾಯಿಂಟಿನಲ್ಲಿ, ಉಪ್ಪು ಬೆರೆತ ತೇವದಿಂದ ಎರಡು ಲೋಹಗಳ ನಡುವೆ ಸವೆತ ಶುರುವಾಗಿ, ಬಿಳಿ ಪುಡಿ ಕಟ್ಟಿ, ಪ್ರತಿರೋಧ ಏರುತ್ತಲೇ ಹೋಗುತ್ತದೆ. ಇದಕ್ಕಿರುವ ಮದ್ದು ಒಳ್ಳೆಯ ಲಗ್ಗು (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಕೊಂಡಿ), ಸರಿಯಾಗಿ ಬಿಗಿದ ಸ್ಕ್ರೂ ಮತ್ತು ವರ್ಷಕ್ಕೊಮ್ಮೆ ಯಾರಾದರೂ ಮುಚ್ಚಳ ತೆರೆದು ನೋಡುವುದು. ಮಾರಾಟಕ್ಕೆ ಸಿಗುವ ಯಾವ ಯಂತ್ರವೂ ಇದಕ್ಕೆ ಬದಲಿಯಲ್ಲ.

ಈಗ ಈ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. ಮನೆಯೊಳಗಿನ ಪ್ಯಾನೆಲ್ ಮನೆಯವರದು. ಅದರ ಬಗ್ಗೆ ತಕರಾರಿಲ್ಲ. ಮೀಟರು ಮತ್ತು ಅಲ್ಲಿಯವರೆಗಿನ ಕೇಬಲ್ ವಿದ್ಯುತ್ ಕಂಪೆನಿಯದು, ಅದು ನಗರಭಾಗದಲ್ಲಿ ಬೆಸ್ಟ್ ಆಗಲಿ, ಉಪನಗರಗಳಲ್ಲಿ ಅದಾನಿ, ಟಾಟಾ ಆಗಲಿ, ಮುಲುಂಡ್ ಭಾಂಡೂಪ್‌ಗಳಲ್ಲಿ ಮಹಾವಿತರಣವಾಗಲಿ. ಲಿಫ್ಟು, ಪಂಪು, ಮೆಟ್ಟಿಲ ದೀಪಗಳ ಪ್ಯಾನೆಲ್ ಸೊಸೈಟಿಯದು. ಹಾಗಾದರೆ ನೆಲಮಹಡಿಯ ಮೀಟರ್ ಕೋಣೆಯಿಂದ ಹೊರಟು, ಮೆಟ್ಟಿಲ ಪಕ್ಕದ ಗೋಡೆಯನ್ನು ಹತ್ತಿ, ನಾಲ್ಕನೆಯ ಮಹಡಿಯ ಬಾಗಿಲು ಮುಟ್ಟುವ ವೈರು ಯಾರದು? ಮೀಟರಿನಿಂದಾಚೆಗಿನದು ಗ್ರಾಹಕರ ಹೊಣೆ ಎನ್ನುತ್ತದೆ ಕಂಪೆನಿ. ಮೆಟ್ಟಿಲು ಸೊಸೈಟಿಯ ಜಾಗ, ಅಲ್ಲಿರುವುದೆಲ್ಲ ಸೊಸೈಟಿ ನೋಡಿಕೊಳ್ಳಬೇಕು ಎನ್ನುತ್ತಾನೆ ಸದಸ್ಯ. ಅದು ನಿನ್ನ ಮನೆಯ ವೈರು, ನೀನೇ ಹಾಕಿಸಿಕೋ ಎನ್ನುತ್ತದೆ ಸಮಿತಿ. ಮನೆಯ ಪೂರಾ ಲೋಡನ್ನು ಹೊರುವ ಆ ವೈರನ್ನು ಕಟ್ಟಡ ಕಟ್ಟಿದ ಮೇಲೆ ಯಾರೂ ತಿರುಗಿ ನೋಡಿರುವುದಿಲ್ಲ. ಮನೆಯೊಳಗೆ ಹೊಸ ಡಿಬಿ (ಎಂಸಿಬಿಗಳನ್ನು ಜೋಡಿಸುವ ಪೆಟ್ಟಿಗೆ), ಹೊಸ ಎಂಸಿಬಿಗಳನ್ನು ಕೂರಿಸಿ ನಿಶ್ಚಿಂತರಾದವರ ಕರೆಂಟೂ ಬರುವುದು ಆ ಹಳೆಯ ವೈರಿನಲ್ಲೇ. ಅದನ್ನು ಕಾಯಲು ಮೀಟರ್ ಕೋಣೆಯಲ್ಲಿರುವುದು, ಬಹಳ ಕಡೆ, ಮತ್ತೆ ಅದೇ ಪಿಂಗಾಣಿಯ ಫ್ಯೂಸು.

ಬೆಂಕಿ ಬಿದ್ದಾಗ ಎಲ್ಲರೂ ಇಳಿದು ಓಡಬೇಕಾದ ದಾರಿಯೂ ಆ ಮೆಟ್ಟಿಲೇ ಎಂಬುದನ್ನು ಗಮನಿಸಬೇಕು. ಮೆಟ್ಟಿಲ ಕೆಳಗಿನ ಮೀಟರ್ ಕೋಣೆಯಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲೇರುವುದೂ ಅಲ್ಲಿಂದಲೇ. ಆದರೂ ಎಷ್ಟು ಸೊಸೈಟಿಗಳ ಮೀಟರ್ ಕೋಣೆಯಲ್ಲಿ ಹಳೆಯ ಸೈಕಲ್ಲು, ಬಣ್ಣದ ಡಬ್ಬಿ, ಗಣೇಶೋತ್ಸವದ ಮಂಟಪದ ಬಟ್ಟೆ ಮರಗಳು ತುಂಬಿಲ್ಲ ಹೇಳಿ. ಉತ್ಸವದ ದೀಪಾಲಂಕಾರಕ್ಕೆ ಆ ಕೋಣೆಯಿಂದಲೇ ತೆಳ್ಳನೆಯ ಎರಡೆಳೆ ವೈರು ಎಳೆಯುವುದಂತೂ ಸಂಪ್ರದಾಯವೇ ಆಗಿಹೋಗಿದೆ. ಬಪ್ಪ ಕಾಪಾಡುತ್ತಿದ್ದಾನೆಂದೇ ಹೇಳಬೇಕು. ಅಲ್ಲಿಯ ನ್ಯೂಟ್ರಲ್ ಜಾಯಿಂಟು ಸಡಿಲಾದರೆ ಇನ್ನೊಂದು ಅನಾಹುತವಿದೆ: ಮೂರು ಫೇಸುಗಳಲ್ಲಿ ಹಂಚಿಹೋದ ಮನೆಗಳಲ್ಲಿ ಕೆಲವಕ್ಕೆ ವೋಲ್ಟೇಜು ಇಳಿದು, ಇನ್ನು ಕೆಲವಕ್ಕೆ 230ರ ಬದಲು 400ರತ್ತ ಏರಿ, ಫ್ರಿಜ್ಜು ಟಿವಿಗಳು ಒಟ್ಟಿಗೆ ಸುಡುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನೆಲಮಹಡಿಯ ಮೀಟರ್ ಕೋಣೆಗಳಿಗೆ ನೀರು ನುಗ್ಗಿದ್ದನ್ನು ಕಂಡವರೂ ಈಗ ಆ ಮೀಟರ್ ಬೋರ್ಡುಗಳನ್ನು ಎತ್ತರಿಸುವ ಮಾತೆತ್ತಿದರೆ ಖರ್ಚಿನ ಲೆಕ್ಕ ತೆಗೆಯುತ್ತಾರೆ.

ಕಟ್ಟಡಕ್ಕೆ 30 ವರ್ಷ ದಾಟಿದರೆ ಸ್ಟ್ರಕ್ಚರಲ್ ಆಡಿಟ್ ಮಾಡಿಸಬೇಕೆಂದು ಮುಂಬಯಿ ಮಹಾನಗರಪಾಲಿಕೆಯ ಕಾಯಿದೆಯ 353ಬಿ ಕಲಮು ಹೇಳುತ್ತದೆ. ಸದಸ್ಯರಿಗೆ ಅದು ತಿಳಿದಿದೆ, ಏಕೆಂದರೆ ಅದರ ವರದಿ ರೀಡೆವಲಪ್‌ಮೆಂಟಿಗೂ ಬೇಕಾಗುತ್ತದೆ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯಿದೆಯಂತೆ ಜನವರಿ ಮತ್ತು ಜುಲೈನಲ್ಲಿ ಸಲ್ಲಿಸಬೇಕಾದ ಫಾರ್ಮ್ ‘ಬಿ’ (ಬೆಂಕಿ ನಂದಿಸುವ ಸಾಧನಗಳು ಸುಸ್ಥಿತಿಯಲ್ಲಿವೆ ಎಂಬ ಪ್ರಮಾಣಪತ್ರ) ಬಗ್ಗೆ ಕೆಲವರಿಗೆ ಗೊತ್ತು. ಗೋಡೆಯ ಬಿರುಕು ಕಣ್ಣಿಗೆ ಕಾಣುತ್ತದೆ, ಕೆಂಪು ಸಿಲಿಂಡರೂ ಕಾಣುತ್ತದೆ. ವೈರಿನ ಹೊದಿಕೆ ಒಣಗುವುದು ಕಾಣುವುದಿಲ್ಲವಾದ್ದರಿಂದ ಎಲೆಕ್ಟ್ರಿಕಲ್ ಆಡಿಟ್ ಎಂಬ ಮಾತೇ ವಾರ್ಷಿಕ ಸಭೆಯಲ್ಲಿ ಏಳುವುದಿಲ್ಲ. ಮೆಗ್ಗರ್ ಹಿಡಿದು ವೈರುಗಳ ಇನ್ಸುಲೇಶನ್ ಅಳೆಯಲು, ಅರ್ಥ್ ಪಿಟ್ಟು ಪರೀಕ್ಷಿಸಲು, ಲೋಡಿನಲ್ಲಿ ಯಾವ ಜಾಯಿಂಟು ಬಿಸಿಯಾಗುತ್ತಿದೆಯೆಂದು ಥರ್ಮಲ್ ಕ್ಯಾಮೆರಾದಲ್ಲಿ ನೋಡಲು ಒಂದು ಸಣ್ಣ ಕಟ್ಟಡಕ್ಕೆ ಬಹಳ ಹೊತ್ತು ಬೇಡ.

ವಿದ್ಯುತ್ ಉಳಿತಾಯದ ವಿಷಯದಲ್ಲಿ ಜಾಹೀರಾತುಗಳು ಹೇಳುವಷ್ಟು ನಾನು ಹೇಳಲಾರೆ. ಪ್ಯಾನೆಲ್ ಬದಲಿಸಿದ ತಿಂಗಳೇ ಬಿಲ್ಲು ಅರ್ಧಕ್ಕಿಳಿಯುತ್ತದೆಂದು ಯಾರಾದರೂ ಹೇಳಿದರೆ ನಂಬಬಾರದು. ಆದರೆ ಉಳಿತಾಯ ಇಲ್ಲವೇ ಇಲ್ಲವೆಂದೂ ಅಲ್ಲ. 1 ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 18 ಓಮ್ ಪ್ರತಿರೋಧವಿದ್ದರೆ 4 ಚದರ ಮಿಲಿಮೀಟರಿನದಕ್ಕೆ ಐದಕ್ಕಿಂತಲೂ ಕಡಿಮೆ. ಬೋರ್ಡಿನಿಂದ 20 ಮೀಟರ್ ದೂರದ ಎಸಿಗೆ, ಹೋಗಿ ಬರುವ ದಾರಿ ಸೇರಿ 40 ಮೀಟರ್ ವೈರಿನಲ್ಲಿ 8 ಆಂಪಿಯರ್ ಹರಿಯುವಾಗ, ತೆಳ್ಳಗಿನ ವೈರು 46 ವ್ಯಾಟನ್ನು ಬರೀ ಬಿಸಿಯಾಗಿ ಕಳೆಯುತ್ತದೆ, ದಪ್ಪನೆಯದು 12 ವ್ಯಾಟನ್ನು. ರಾತ್ರಿ ಎಂಟು ಗಂಟೆ ಎಸಿ ಓಡಿದರೆ ತಿಂಗಳಿಗೆ ಎಂಟು ಯೂನಿಟ್ಟಿನ ವ್ಯತ್ಯಾಸ. ದೊಡ್ಡ ಮೊತ್ತವಲ್ಲ, ಆದರೂ ನಮ್ಮ ರಾಜ್ಯದಲ್ಲಿ ಮನೆಗಳ ದರ ಸ್ಲ್ಯಾಬುಗಳಲ್ಲಿ ಏರುವುದರಿಂದ ಉಳಿಯುವುದು ಮೇಲಿನ ಸ್ಲ್ಯಾಬಿನ ಯೂನಿಟ್ಟುಗಳೇ. ಅದಕ್ಕಿಂತ ಮುಖ್ಯವಾಗಿ, ಆ ಶಾಖ ಗೋಡೆಯೊಳಗೆ ಹುಟ್ಟುವುದು ನಿಲ್ಲುತ್ತದೆ.

ನಿಜವಾದ ಉಳಿತಾಯ ಬೇರೆಡೆಯಿದೆ. 75 ವ್ಯಾಟಿನ ಹಳೆಯ ಫ್ಯಾನಿನ ಬದಲು 30 ವ್ಯಾಟ್ ಆಸುಪಾಸಿನ, ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನು, ಹೆಚ್ಚು ಸ್ಟಾರಿನ ಇನ್ವರ್ಟರ್ ಎಸಿ, ಆ ಎಸಿಯನ್ನು 18ರ ಬದಲು 24 ಡಿಗ್ರಿಯಲ್ಲಿಡುವ ಅಭ್ಯಾಸ ಇವು ಬಿಲ್ಲನ್ನು ಕಣ್ಣಿಗೆ ಕಾಣುವಷ್ಟು ಇಳಿಸುತ್ತವೆ. ಸರ್ಕಿಟ್ಟುಗಳನ್ನು ಬೇರೆ ಬೇರೆ ಮಾಡಿದ ಪ್ಯಾನೆಲ್ ಇದಕ್ಕೆ ನೆರವಾಗುತ್ತದೆ: ಗೀಸರಿಗೆ ಟೈಮರ್ ಹಾಕಬಹುದು, ಊರಿಗೆ ಹೋಗುವಾಗ ಫ್ರಿಜ್ಜೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಆರಿಸಬಹುದು. ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕು, ಬಿಲ್ಲು ಮೂರರಲ್ಲಿ ಒಂದು ಭಾಗ ಇಳಿಯುತ್ತದೆಂದು ಮಾರುವ ‘ಪವರ್ ಸೇವರ್’ ಡಬ್ಬಿಗಳಿಗೆ ಮಾತ್ರ ಹಣ ಸುರಿಯಬಾರದು. ಅದರೊಳಗಿರುವುದು ಹೆಚ್ಚಾಗಿ ಒಂದು ಸಣ್ಣ ಕೆಪಾಸಿಟರು. ಮನೆಗಳ ಬಿಲ್ಲು ಬರುವುದು ಬಳಸಿದ ಕಿಲೋವ್ಯಾಟ್ ಗಂಟೆಗಳ ಮೇಲಾದ್ದರಿಂದ ಅದು ಉಳಿಸುವುದು ಏನೂ ಇಲ್ಲ. 

ಮುಂದೆ ಬರಲಿರುವ ಹೊರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚಾವಣಿಯ ಮೇಲೆ ಸೌರ ವಿದ್ಯುತ್ ಫಲಕ ಹಾಕಿಸಲು 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗೆ 78,000 ರೂಪಾಯಿಯವರೆಗೆ ಸಬ್ಸಿಡಿಯಿದೆ, ಹೌಸಿಂಗ್ ಸೊಸೈಟಿಗಳ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ. ಕೆಳಗೆ ವಿದ್ಯುತ್ ಸ್ಕೂಟರು, ಕಾರುಗಳಿಗೆ ಚಾರ್ಜಿಂಗ್ ಬೇಕೆನ್ನುವ ಸದಸ್ಯರೂ ಹೆಚ್ಚುತ್ತಿದ್ದಾರೆ. ಪಿಂಗಾಣಿ ಫ್ಯೂಸಿನ ಮೀಟರ್ ಕೋಣೆಗೆ ಇವುಗಳಲ್ಲಿ ಯಾವುದನ್ನೂ ಜೋಡಿಸಲಾಗದು, ಜೋಡಿಸಲೂಬಾರದು. ಲೋಡು ಏರಿಸಿದವರು ಕಂಪೆನಿಗೆ ಅರ್ಜಿ ಕೊಟ್ಟು ಮಂಜೂರಾದ ಲೋಡನ್ನೂ ಏರಿಸಿಕೊಳ್ಳಬೇಕು; ಡಿಪಾಸಿಟ್ ಉಳಿಯಲೆಂದು ಇದನ್ನು ಮುಚ್ಚಿಡುವ ಚಾಳಿ ನಮ್ಮಲ್ಲಿದೆ.

ಖರ್ಚೆಷ್ಟು? ಲೋಹಾರ್ ಚಾಳಿನ ಅಂಗಡಿಗಳಲ್ಲಿ ವಿಚಾರಿಸಿದರೆ ಹೆಸರುವಾಸಿ ಕಂಪೆನಿಯ ಎರಡು ಪೋಲಿನ ಆರ್‌ಸಿಸಿಬಿಗೆ ಎರಡು ಮೂರು ಸಾವಿರ, ಎಂಸಿಬಿ ಒಂದಕ್ಕೆ ಇನ್ನೂರು ಮುನ್ನೂರು ರೂಪಾಯಿ. ಐಎಸ್‌ಐ ಗುರುತು ನೋಡಿ, ಪಕ್ಕಾ ಬಿಲ್ಲು ಕೇಳಿ ಕೊಳ್ಳಬೇಕು. ಸೋವಿಯದೆಂದು ಹೆಸರಿಲ್ಲದ ಮಾಲು ತಂದರೆ ಅದು ಬೀಳಬೇಕಾದ ಹೊತ್ತಿಗೆ ಬೀಳುತ್ತದೆಂಬ ಖಾತ್ರಿಯಿಲ್ಲ. ಹೆಚ್ಚಿನ ಹಣ ಹೋಗುವುದು ವೈರಿಗೆ, ಕೂಲಿಗೆ. ಹೋಗಲಿ, ಕಟ್ಟಡ ನಿಜಕ್ಕೂ ರೀಡೆವಲಪ್‌ಮೆಂಟಿಗೆ ಹೋದರೆ ಡಿಬಿ, ಎಂಸಿಬಿ, ಆರ್‌ಸಿಸಿಬಿಗಳನ್ನು ಬಿಚ್ಚಿಕೊಂಡು ಹೋಗಬಹುದು. ಟೈಲ್ಸನ್ನು ಹಾಗೆ ಒಯ್ಯಲಾಗದು. ಆದರೂ ಟೈಲ್ಸ್ ಹಾಕಿಸುವಾಗ ಯಾರೂ ರೀಡೆವಲಪ್‌ಮೆಂಟಿನ ಮಾತೆತ್ತಲಿಲ್ಲ. ಕೆಲಸವನ್ನು ಸರಕಾರದ ಪರವಾನಗಿಯಿರುವ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಿ, ಮುಗಿದ ಮೇಲೆ ಟೆಸ್ಟ್ ರಿಪೋರ್ಟ್ ಪಡೆಯಬೇಕು.

ಮೀಟರಿನಿಂದ ಬಾಗಿಲಿನವರೆಗಿನ ವೈರಿನ ಸಮಸ್ಯೆಗೆ ನನಗೆ ತೋರುವ ಪರಿಹಾರವಿಷ್ಟು. ಮನೆಗೊಬ್ಬ ಎಲೆಕ್ಟ್ರಿಷಿಯನ್ ಬಂದು ಮೆಟ್ಟಿಲ ಗೋಡೆಗೆ ತನ್ನದೊಂದು ಪೈಪು ಹೊಡೆದು ಹೋಗುವುದಕ್ಕಿಂತ, ಸೊಸೈಟಿಯೇ ಒಬ್ಬ ಗುತ್ತಿಗೆದಾರನಿಂದ ಎಲ್ಲ ಮನೆಗಳ ವೈರನ್ನೂ ಒಟ್ಟಿಗೆ, ಬೆಂಕಿ ಹರಡದ ಹೊದಿಕೆಯ ತಾಮ್ರದ ಕೇಬಲ್ಲಿನಲ್ಲಿ, ಒಂದೇ ಮುಚ್ಚಿದ ಡಕ್ಟಿನೊಳಗೆ ಎಳೆಸುವುದು ಅಗ್ಗವೂ ಹೌದು, ಅಚ್ಚುಕಟ್ಟೂ ಹೌದು. ಜೊತೆಯಲ್ಲೇ ಪ್ರತಿ ಮೀಟರಿನ ಮುಂದೆ ಪಿಂಗಾಣಿಯ ಬದಲು ಸರಿಯಾದ ಎಂಸಿಬಿ, ಮನೆಮನೆಗೆ ಅರ್ಥ್. ಡಕ್ಟು, ಅರ್ಥ್ ಪಿಟ್ಟು, ಮೀಟರ್ ಕೋಣೆಯ ಖರ್ಚು ಸೊಸೈಟಿಯ ದುರಸ್ತಿ ನಿಧಿಯಿಂದ, ಕೇಬಲ್ಲಿನ ಖರ್ಚು ಆಯಾ ಮಹಡಿಯ ಉದ್ದಕ್ಕೆ ತಕ್ಕಂತೆ ಸದಸ್ಯರಿಂದ ಎಂದು ಹಂಚಿದರೆ ಯಾರಿಗೂ ಭಾರವಾಗದು. ಕೆಳಗಿನ ಮನೆಯವರು ಕಡಿಮೆ ಕೊಡುತ್ತಾರೆಂದು ಮೇಲಿನವರು ಗೊಣಗಿಯಾರು. ಟೆರೇಸ್ ಸೋರಿದಾಗ ಆ ಗೊಣಗಾಟ ಉಲ್ಟಾ ಆಗಿರುತ್ತದೆ.

ಸೊಸೈಟಿಗಳ ವಾರ್ಷಿಕ ಸಾಮಾನ್ಯ ಸಭೆಗಳು ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಕನ್ನಡಿಗ ಸದಸ್ಯರು, ವಿಶೇಷವಾಗಿ ಸಮಿತಿಗಳಲ್ಲಿರುವವರು, ನೋಟಿಸು ಹೊರಡುವ ಮೊದಲೇ ಈ ವಿಷಯವನ್ನು ಲಿಖಿತವಾಗಿ ಕೊಟ್ಟು ಅಜೆಂಡಾಕ್ಕೆ ಸೇರಿಸಬೇಕೆಂದು ವಿನಂತಿಸುತ್ತೇನೆ. ‘ಇತರ ವಿಷಯಗಳು’ ಎಂಬ ಕೊನೆಯ ಸಾಲಿಗೆ ಬಿಟ್ಟರೆ ಆ ಹೊತ್ತಿಗೆ ಸದಸ್ಯರು ಬಟಾಟೆವಡೆ ತಿಂದು ಮನೆಗೆ ಹೊರಟಿರುತ್ತಾರೆ. ಠರಾವಿನಲ್ಲಿ ಮೂರು ಸಂಗತಿಗಳಿರಲಿ: ಪರವಾನಗಿದಾರರಿಂದ ಎಲೆಕ್ಟ್ರಿಕಲ್ ಆಡಿಟ್, ಅದರ ವರದಿಯನ್ನು ಎಲ್ಲ ಸದಸ್ಯರಿಗೂ ಹಂಚುವುದು, ವರದಿ ಬಂದ ಮೇಲೆ ಮೀಟರ್ ಕೋಣೆ ಮತ್ತು ಬಾಗಿಲಿನವರೆಗಿನ ವೈರಿನ ಕೆಲಸಕ್ಕೆ ಕೊಟೇಶನ್ ತರಿಸುವುದು. ಮೀಟರ್ ಕೋಣೆಯ ಸೈಕಲ್ಲುಗಳನ್ನು ಹೊರಗಿಡಲು ಠರಾವು ಬೇಕಿಲ್ಲ, ಈ ಭಾನುವಾರವೇ ಆಗಬಹುದು.

ಇತಿ ತಮ್ಮ ವಿಶ್ವಾಸಿ,
ಸೊಸೈಟಿಯೊಂದರ ಮಾಜಿ ಸಮಿತಿ ಸದಸ್ಯ,
ಮುಲುಂಡ್ ಪೂರ್ವ, ಮುಂಬಯಿ